ಕೀಲಿನ ಉರಿಯೂತ ಮತ್ತು ರೋಗನಿರೋಧಕ ಕೋಶಗಳು: ಒಂದು ಶೋಧದ ಚರಿತ್ರೆ

ಆರೋಗ್ಯವಂತರ ಮೊಣಕಾಲಿನ ಕೀಲಿನಲ್ಲಿರುವ ದ್ರವ 3–4 ಮಿಲಿಲೀಟರನ್ನು ದಾಟುವುದು ಅಪರೂಪ. ಮೊಟ್ಟೆಯ ಬಿಳಿಲೋಳೆಯಂತೆ ತಿಳಿಯಾಗಿಯೂ ಅಂಟಾಗಿಯೂ ಇರುವ ಈ ದ್ರವದ ಒಂದು ಘನ ಮಿಲಿಮೀಟರಿನಲ್ಲಿ ಸಾಮಾನ್ಯವಾಗಿ 200ಕ್ಕಿಂತ ಕಡಿಮೆ ಬಿಳಿ ರಕ್ತಕಣಗಳಿರುತ್ತವೆ. ಅದನ್ನು ಒಸರುವ ಕೀಲುಪೊರೆಯ, ಅಂದರೆ ವೈದ್ಯರು ಸೈನೋವಿಯಮ್ ಎನ್ನುವ ಒಳಪೊರೆಯ, ಮೇಲ್ಪದರ ಒಂದೆರಡು ಜೀವಕೋಶಗಳಷ್ಟೇ ದಪ್ಪವಾಗಿರುತ್ತದೆ. ರುಮಟಾಯ್ಡ್ ಸಂಧಿವಾತ ಹಿಡಿದ ಮೊಣಕಾಲಿನಲ್ಲಿ ಈ ಚಿತ್ರ ಪೂರ್ತಿ ಬದಲಾಗುತ್ತದೆ. ದ್ರವ ಹಲವು ಪಟ್ಟು ಹೆಚ್ಚಿ, ಅಂಟು ಕಳೆದುಕೊಂಡು ಮಬ್ಬಾಗುತ್ತದೆ, ಅದರಲ್ಲಿರುವ ಬಿಳಿ ರಕ್ತಕಣಗಳ ಎಣಿಕೆ 2,000ದಿಂದ 50,000ದವರೆಗೆ ಏರುತ್ತದೆ, ಪೊರೆಯ ಮೇಲ್ಪದರ ಹತ್ತು ಕೋಶಗಳಷ್ಟು ದಪ್ಪವಾಗಿ ಬೆಳೆದು, ಎಲುಬಿನ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಯ ಮೇಲೆ ಹರಡಿಕೊಂಡು, ಅದನ್ನೂ ಅದರ ಕೆಳಗಿನ ಎಲುಬನ್ನೂ ಕೊರೆಯತೊಡಗುತ್ತದೆ. ರೋಗಾಣುವೂ ಇಲ್ಲದ, ಗಾಯವೂ ಆಗದ ಜಾಗಕ್ಕೆ ದೇಹವನ್ನು ಕಾಯಬೇಕಾದ ಕೋಶಗಳು ಏಕೆ ಬಂದವು, ಬಂದವು ಏಕೆ ಹಿಂದಿರುಗಲಿಲ್ಲ ಎಂಬ ಎರಡು ಪ್ರಶ್ನೆಗಳ ಬೆನ್ನುಹತ್ತಿದ ಶೋಧದ ಚರಿತ್ರೆ ಒಂದು ಶತಮಾನಕ್ಕೂ ಮೀರಿದ್ದು. ಈ ಚರಿತ್ರೆಯನ್ನು ಪ್ರಯೋಗಶಾಲೆಯ ಸಿದ್ಧಾಂತಗಳ ಸಾಲಾಗಿ ಹೇಳುವುದು ವಾಡಿಕೆಯಾದರೂ, ಅದರ ನಿರ್ಣಾಯಕ ತಿರುವುಗಳನ್ನು ಒಂದೊಂದಾಗಿ ನೋಡಿದರೆ, ಸಿದ್ಧಾಂತಗಳು ತಡವರಿಸಿದಾಗಲೆಲ್ಲ ದಾರಿ ತೋರಿಸಿದ್ದು ರೋಗಿಗಳ ಕೀಲಿನಿಂದ ಸೂಜಿಯಲ್ಲಿ ತೆಗೆದ ದ್ರವ, ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ ಪೊರೆ, ಮತ್ತು ಹೊಸ ಮದ್ದಿಗೆ ಮೈಯೊಡ್ಡಿದ ರೋಗಿಗಳ ಒಪ್ಪಿಗೆ ಎಂಬುದು ಸ್ಪಷ್ಟವಾಗುತ್ತದೆ.

ಕೀಲುಗಳ ನೋವು ಮತ್ತು ಬಾವುಗಳ ವಿವರಣೆ ಎಲ್ಲ ಪ್ರಾಚೀನ ವೈದ್ಯ ಪರಂಪರೆಗಳಲ್ಲೂ ಇದೆ. ಭಾರತದಲ್ಲಿ ಏಳು–ಎಂಟನೆಯ ಶತಮಾನದ ಹೊತ್ತಿನ ಮಾಧವಕರನ ‘ಮಾಧವನಿದಾನ’ವು ಆಮವಾತವನ್ನು ಪ್ರತ್ಯೇಕ ರೋಗವಾಗಿ ವರ್ಣಿಸಿತು, ಮತ್ತು ಕರ್ನಾಟಕದ ಆಯುರ್ವೇದ ವೈದ್ಯರು ಇಂದಿಗೂ ರುಮಟಾಯ್ಡ್ ಸಂಧಿವಾತವನ್ನು ಆ ಹೆಸರಿನಿಂದಲೇ ಗುರುತಿಸುತ್ತಾರೆ, ಆದರೆ ಹಳೆಯ ಗ್ರಂಥದ ರೋಗವೂ ಇಂದಿನ ರೋಗವೂ ಪೂರ್ತಿ ಒಂದೇ ಎಂದು ಸಾಧಿಸಲು ಹೊರಡುವುದು ಎರಡಕ್ಕೂ ನ್ಯಾಯವಲ್ಲ. ಯುರೋಪಿನಲ್ಲಿ ಈ ರೋಗವನ್ನು ಗೌಟ್‌ನಿಂದ, ಅಂದರೆ ಯೂರಿಕ್ ಆಮ್ಲದ ಹರಳುಗಳಿಂದ ಹುಟ್ಟುವ ಕೀಲುಬೇನೆಯಿಂದ, ಬೇರೆಯಾಗಿ ಕಂಡ ಮೊದಲಿಗರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಆಗಸ್ಟಿನ್ ಲಾಂದ್ರೆ-ಬೋವೆ ಒಬ್ಬ. ಬಡ ಹೆಂಗಸರಿಗೆ ಆಸರೆಯಾಗಿದ್ದ ಆ ಆಸ್ಪತ್ರೆಯಲ್ಲಿ ತಾನು ಕಂಡ ಒಂಬತ್ತು ರೋಗಿಗಳ ವಿವರವನ್ನು ಅವನು 1800ರಲ್ಲಿ ತನ್ನ ಪ್ರಬಂಧದಲ್ಲಿ ಬರೆದನು. ಗೌಟ್ ಉಳ್ಳವರ ಮನೆಯ ಗಂಡಸರ ರೋಗವೆಂದು ನಂಬಿದ್ದ ಕಾಲದಲ್ಲಿ, ಬಡತನದಲ್ಲಿ ಸವೆದ ಹೆಂಗಸರ ಕೈಬೆರಳುಗಳನ್ನು ಗಮನವಿಟ್ಟು ನೋಡಿದ್ದೇ ಅವನ ಹೆಚ್ಚುಗಾರಿಕೆ. ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ 1859ರಲ್ಲಿ, ಈ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದಿಲ್ಲವೆಂಬ ಆಧಾರದ ಮೇಲೆ, ರೋಗಕ್ಕೆ ಇಂದಿನ ಹೆಸರನ್ನು ಕೊಟ್ಟನು.

ಹೆಸರು ಸಿಕ್ಕಿದರೂ ಕಾರಣ ಸಿಗಲಿಲ್ಲ. ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಯ ಮೈಗೆ ಮುಳ್ಳು ಚುಚ್ಚಿ, ಸುತ್ತಲಿನಿಂದ ಕೋಶಗಳು ಸರಿದುಬಂದು ಮುಳ್ಳನ್ನು ಮುತ್ತಿದ್ದನ್ನು ಕಂಡಿದ್ದನು. ಉರಿಯೂತವೆಂದರೆ ಭಕ್ಷಕ ಕೋಶಗಳ ರಕ್ಷಣಾ ಕಾರ್ಯವೆಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಆದರೆ 1908ರಲ್ಲಿ ಅವನೊಂದಿಗೆ ನೊಬೆಲ್ ಬಹುಮಾನ ಹಂಚಿಕೊಂಡ ಪೌಲ್ ಎರ್ಲಿಕ್, ದೇಹವು ತನ್ನ ಅಂಗಾಂಶಗಳ ಮೇಲೆ ತಾನೇ ವಿಷವುಗುಳುವುದನ್ನು ಸಹಿಸಲಾರದು, ಅಂಥದ್ದನ್ನು ತಡೆಯುವ ಏರ್ಪಾಡು ಅದರೊಳಗೇ ಇದೆ ಎಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ವಾದಿಸಿದ್ದನು. ತಡೆಯುವ ಏರ್ಪಾಡು ಇದೆ ಎಂಬ ಅವನ ಮಾತು, ಅದು ಎಂದೂ ಕೆಡುವುದಿಲ್ಲ ಎಂಬ ಅರ್ಥದಲ್ಲಿ ಮುಂದಿನ ತಲೆಮಾರಿನ ತಲೆಯಲ್ಲಿ ಕುಳಿತಿತು. ಹಾಗಾಗಿ ಕೀಲಿನಲ್ಲಿ ಉರಿಯೂತವಿದ್ದರೆ ಎಲ್ಲೋ ಒಂದು ರೋಗಾಣು ಅಡಗಿರಲೇಬೇಕೆಂದು ವೈದ್ಯರು ಹುಡುಕತೊಡಗಿದರು. ಶಿಕಾಗೊದ ಫ್ರಾಂಕ್ ಬಿಲ್ಲಿಂಗ್ಸ್ 1912ರ ಹೊತ್ತಿಗೆ ಪ್ರಚಾರಕ್ಕೆ ತಂದ ‘ಅಡಗಿದ ಸೋಂಕಿನ’ ವಾದವನ್ನು ನಂಬಿ, ಹಲ್ಲಿನ ಬುಡದಲ್ಲೋ ಗಂಟಲಿನ ಟಾನ್ಸಿಲ್ಲಿನಲ್ಲೋ ಕುಳಿತ ಬ್ಯಾಕ್ಟೀರಿಯಾಗಳೇ ಕೀಲುಗಳನ್ನು ಕೆಡಿಸುತ್ತವೆಂದು, ಎರಡು ಮೂರು ದಶಕಗಳ ಕಾಲ ಲೆಕ್ಕವಿಲ್ಲದಷ್ಟು ರೋಗಿಗಳ ಹಲ್ಲುಗಳನ್ನೂ ಟಾನ್ಸಿಲ್ಲುಗಳನ್ನೂ ಕಿತ್ತು ಹಾಕಲಾಯಿತು. ಕೀಲಿನ ನೋವು ಹಾಗೇ ಉಳಿದು, ಅಗಿಯಲು ಹಲ್ಲೂ ಇಲ್ಲದಂತಾದ ಆ ರೋಗಿಗಳನ್ನು ವೈದ್ಯಕೀಯದ ಚರಿತ್ರೆ ಮರೆಯಬಾರದು. ಫ್ರಾನ್ಸಿನ ಜಾಕ್ ಫೊರೆಸ್ಟಿಯೆ 1929ರಲ್ಲಿ ಪ್ರಕಟಿಸಿದ ಚಿನ್ನದ ಲವಣಗಳ ಚಿಕಿತ್ಸೆಯೂ ಈ ರೋಗಕ್ಕೂ ಕ್ಷಯಕ್ಕೂ ನಂಟಿದೆ ಎಂಬ ಊಹೆಯಿಂದ ಹುಟ್ಟಿದ್ದು. ಊಹೆ ಸುಳ್ಳಾದರೂ ಚುಚ್ಚುಮದ್ದು ಕೆಲವರಿಗೆ ಗುಣ ಕೊಟ್ಟಿತು.

ಸೋಂಕಿನ ಹುಡುಕಾಟದಿಂದ ರೋಗನಿರೋಧಕ ವ್ಯವಸ್ಥೆಯ ಕಡೆಗೆ ದೃಷ್ಟಿ ತಿರುಗಿದ್ದು ಆಕಸ್ಮಿಕವಾಗಿ. ನಾರ್ವೆಯ ಎರಿಕ್ ವಾಲರ್, ರಕ್ತಸಾರದ ಒಂದು ವಾಡಿಕೆಯ ಪರೀಕ್ಷೆಯಲ್ಲಿ ಕುರಿಯ ಕೆಂಪು ರಕ್ತಕಣಗಳನ್ನು ಬಳಸುತ್ತಿದ್ದನು. ಆ ಕಣಗಳಿಗೆ ಮೊದಲೇ ಮೊಲದ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಲೇಪಿಸಿರುತ್ತಿದ್ದರು; ಪ್ರತಿಕಾಯವೆಂದರೆ ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯುವ ರಕ್ತದ ಪ್ರೋಟೀನು. ಪರೀಕ್ಷೆಯಲ್ಲಿ ಕಣಗಳು ಒಡೆದು ಕೊಳವೆಯ ದ್ರವ ಕೆಂಪಾಗಬೇಕಿತ್ತು, ಇಲ್ಲವೇ ಏನೂ ಆಗದಿರಬೇಕಿತ್ತು. ಸಂಧಿವಾತದ ರೋಗಿಯೊಬ್ಬರ ರಕ್ತಸಾರ ಹಾಕಿದಾಗ ಎರಡೂ ಆಗದೆ, ಕಣಗಳೆಲ್ಲ ಒಂದಕ್ಕೊಂದು ಅಂಟಿ ಗುಂಪುಗಟ್ಟಿ ಕೊಳವೆಯ ತಳಕ್ಕಿಳಿದವು. ಪರೀಕ್ಷೆ ಕೆಟ್ಟಿತೆಂದು ಕೊಳವೆಯನ್ನು ತೊಳೆದಿಡುವುದು ಸುಲಭವಾಗಿತ್ತು. ವಾಲರ್ ಹಾಗೆ ಮಾಡದೆ, ಇತರ ಸಂಧಿವಾತ ರೋಗಿಗಳ ರಕ್ತವನ್ನೂ ತರಿಸಿ ನೋಡಿ, ಅವರಲ್ಲಿ ಹಲವರ ರಕ್ತದಲ್ಲಿ ಇಂಥದೊಂದು ಅಂಶವಿದೆ ಎಂದು 1940ರಲ್ಲಿ ಪ್ರಕಟಿಸಿದನು. ಅದೇ ವರ್ಷ ನಾರ್ವೆ ಜರ್ಮನಿಯ ವಶವಾಯಿತು; ಅವನ ಬರಹ ಯುದ್ಧದ ಗದ್ದಲದಲ್ಲಿ ಹೆಚ್ಚು ಜನರಿಗೆ ತಲುಪಲಿಲ್ಲ. ನ್ಯೂಯಾರ್ಕಿನ ಹ್ಯಾರಿ ರೋಸ್ ಮತ್ತು ಅವನ ಸಂಗಡಿಗರು 1948ರಲ್ಲಿ ಸ್ವತಂತ್ರವಾಗಿ ಇದೇ ಸಂಗತಿಯನ್ನು ಕಂಡರು, ಮತ್ತು ಇಬ್ಬರ ಹೆಸರೂ ಸೇರಿ ವಾಲರ್–ರೋಸ್ ಪರೀಕ್ಷೆ ಬಳಕೆಗೆ ಬಂದಿತು. ಇಂದು ಊರೂರಿನ ರಕ್ತಪರೀಕ್ಷಾ ಕೇಂದ್ರಗಳಲ್ಲಿ ‘ಆರ್‌ಎ ಫ್ಯಾಕ್ಟರ್’ ಎಂದು ಬರೆದುಕೊಡುವ ಪರೀಕ್ಷೆಯ ಮೂಲ ಇದೇ.

ಆ ಅಂಶ ಏನೆಂಬುದನ್ನು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಹೆನ್ರಿ ಕುಂಕೆಲ್‌ನ ತಂಡ 1957ರಲ್ಲಿ ಬಿಡಿಸಿ ತೋರಿಸಿತು. ಅದು ಗಾತ್ರದಲ್ಲಿ ದೊಡ್ಡದಾದ ಒಂದು ಪ್ರತಿಕಾಯ. ಅದು ಹಿಡಿಯುತ್ತಿದ್ದದ್ದು ದೇಹದ ಸಾಮಾನ್ಯ ಪ್ರತಿಕಾಯಗಳನ್ನೇ. ಹೊರಗಿನದನ್ನು ಹಿಡಿಯಬೇಕಾದ ಪ್ರತಿಕಾಯ ತನ್ನಂಥದೇ ಪ್ರತಿಕಾಯವನ್ನು ಹಿಡಿದು ಜೋಡಿಗಟ್ಟುವ ಈ ದೃಶ್ಯ ಎರ್ಲಿಕ್‌ನ ಹೆಸರಿನಲ್ಲಿ ನಡೆದುಬಂದಿದ್ದ ನಂಬಿಕೆಗೆ ನೇರ ಪೆಟ್ಟು ಕೊಟ್ಟಿತು. ಮುಂದಿನ ಹೆಜ್ಜೆ ರಕ್ತದಿಂದ ಕೀಲಿಗೆ. ಪ್ಯಾರಿಸ್ಸಿನಲ್ಲಿ ಡೆಲ್ಬಾರ್‌ನ ತಂಡವೂ ಫಿಲಡೆಲ್ಫಿಯಾದಲ್ಲಿ ಜೋಸೆಫ್ ಹಾಲಂಡರ್‌ನ ತಂಡವೂ 1960ರ ದಶಕದ ನಡುವಿನಲ್ಲಿ, ರೋಗಿಗಳ ಕೀಲುದ್ರವವನ್ನು ಬಣ್ಣ ಹಾಕದೆ ಹಸಿಯಾಗಿಯೇ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ಅದರಲ್ಲಿರುವ ನ್ಯೂಟ್ರೋಫಿಲ್‌ಗಳ, ಅಂದರೆ ಸೋಂಕಿನ ಜಾಗಕ್ಕೆ ಮೊದಲು ಧಾವಿಸುವ ಬಿಳಿ ರಕ್ತಕಣಗಳ, ಹೊಟ್ಟೆಯೊಳಗೆ ಕಪ್ಪು ಕಾಳುಗಳಂಥ ವಸ್ತುಗಳನ್ನು ಕಂಡರು. ಪ್ರತಿಕಾಯಗಳು ಜೋಡಿಗಟ್ಟಿದ ಗಂಟುಗಳನ್ನು ಈ ಕೋಶಗಳು ನುಂಗಿದ್ದವು. ಹಾಲಂಡರ್‌ನ ತಂಡ 1965ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ರೋಗಿಯ ರಕ್ತದಿಂದಲೇ ಶುದ್ಧಗೊಳಿಸಿದ ಪ್ರತಿಕಾಯವನ್ನು ಅದೇ ರೋಗಿಯ ಶಾಂತವಾಗಿದ್ದ ಕೀಲಿಗೆ ಚುಚ್ಚಿತು. ಕೀಲು ಕೆಲವೇ ತಾಸುಗಳಲ್ಲಿ ಊದಿಕೊಂಡಿತು. ಇಂದಿನ ನೈತಿಕ ಸಮಿತಿಗಳು ಅಂಥ ಪ್ರಯೋಗಕ್ಕೆ ಸುಲಭವಾಗಿ ಒಪ್ಪಲಾರವು. ಆದರೂ ಪ್ರತಿಕಾಯದ ಗಂಟು, ಅದನ್ನು ನುಂಗುವ ನ್ಯೂಟ್ರೋಫಿಲ್, ನುಂಗುವಾಗ ಅದು ಹೊರಚೆಲ್ಲುವ ಕಿಣ್ವಗಳು ಎಂಬ ಮೂರು ಕೊಂಡಿಗಳ ಸರಪಳಿ ಮೊದಲ ಬಾರಿಗೆ ಕೀಲಿನೊಳಗೇ ಗೋಚರವಾದದ್ದು ಅದರಿಂದ.

ಈ ನಡುವೆ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ 1948ರ ಸೆಪ್ಟೆಂಬರಿನಲ್ಲಿ ಹಾಸಿಗೆ ಹಿಡಿದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟು, ಕೆಲವೇ ದಿನಗಳಲ್ಲಿ ಅವರು ಎದ್ದು ನಡೆದದ್ದನ್ನು ಜಗತ್ತು ಕಂಡು ಬೆರಗಾಯಿತು. 1950ರ ನೊಬೆಲ್ ಬಹುಮಾನವೂ ಬಂದಿತು. ಅದರ ಅಡ್ಡಪರಿಣಾಮಗಳ ಕತೆ ಬೇರೆಯೇ. ಇಲ್ಲಿ ಹೇಳಬೇಕಾದದ್ದು ಇಷ್ಟು: ಹಾರ್ಮೋನೊಂದು ಉರಿಯೂತವನ್ನು ಇಷ್ಟು ಬೇಗ ಇಳಿಸಬಲ್ಲದೆಂದರೆ, ಕೀಲಿನ ರೋಗ ಎಲುಬು ಮೃದ್ವಸ್ಥಿಗಳ ಸವೆತವಲ್ಲ, ಪ್ರತಿಕ್ಷಣವೂ ನಡೆಯುತ್ತಿರುವ ಮತ್ತು ತಡೆಯಬಹುದಾದ ಒಂದು ಕ್ರಿಯೆ ಎಂಬುದು ಸಾಬೀತಾಯಿತು.

ಪ್ರತಿಕಾಯದ ವಾದಕ್ಕೆ ಒಂದು ದೊಡ್ಡ ತೊಡಕಿತ್ತು. ಐದರಲ್ಲಿ ಒಬ್ಬರಿಗಾದರೂ ಈ ರೋಗ ಆರ್‌ಎ ಫ್ಯಾಕ್ಟರ್ ಇಲ್ಲದೆಯೇ ಬರುತ್ತಿತ್ತು. ಕುಷ್ಠ, ಕ್ಷಯ ಮುಂತಾದ ದೀರ್ಘ ಸೋಂಕುಗಳಲ್ಲಿ, ಕೆಲವು ಆರೋಗ್ಯವಂತ ವೃದ್ಧರಲ್ಲಿ ಕೂಡ ಅದು ಕಾಣಿಸುತ್ತಿತ್ತು. ಅದಲ್ಲದೆ ದ್ರವದಲ್ಲಿ ನ್ಯೂಟ್ರೋಫಿಲ್‌ಗಳು ತುಂಬಿದ್ದರೂ, ರೋಗ ಬೇರೂರಿದ್ದ ಪೊರೆಯನ್ನು ಕತ್ತರಿಸಿ ನೋಡಿದವರಿಗೆ ಅಲ್ಲಿ ಅವು ವಿರಳವಾಗಿದ್ದವು. ಪೊರೆಯಲ್ಲಿ ನೆಲೆಸಿದ್ದವು ಬೇರೆಯ ಕೋಶಗಳು. ಅವುಗಳನ್ನು ಗುರುತಿಸಲು ಬೇಕಾದ ತಿಳಿವಳಿಕೆ ಸಿಕ್ಕಿದ್ದು 1960ರ ದಶಕದಲ್ಲಿ, ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಜ್ಯಾಕ್ ಮಿಲ್ಲರ್ ಮತ್ತಿತರರು, ಲಿಂಫೋಸೈಟ್ ಎಂಬ ದುಂಡನೆಯ ಬಿಳಿ ರಕ್ತಕಣಗಳಲ್ಲಿ ಎರಡು ಬಗೆಯಿರುವುದನ್ನು ತೋರಿಸಿದಾಗ: ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಪಳಗಿ, ಇತರ ಕೋಶಗಳಿಗೆ ಆಜ್ಞೆ ಕೊಡುವ ಟಿ ಕೋಶಗಳು, ಮತ್ತು ಪ್ರತಿಕಾಯಗಳನ್ನು ತಯಾರಿಸುವ ಕೋಶಗಳಾಗಿ ಬದಲಾಗುವ ಬಿ ಕೋಶಗಳು. ವ್ಯಾನ್ ಬಾಕ್ಸೆಲ್ ಮತ್ತು ಪ್ಯಾಜೆಟ್ ಎಂಬಿಬ್ಬರು 1975ರಲ್ಲಿ ರೋಗಗ್ರಸ್ತ ಪೊರೆಯ ಲಿಂಫೋಸೈಟ್‌ಗಳನ್ನು ವಿಂಗಡಿಸಿ ನೋಡಿದಾಗ ಅವುಗಳಲ್ಲಿ ಹೆಚ್ಚಿನವು ಟಿ ಕೋಶಗಳಾಗಿದ್ದವು. ಪ್ರತಿಕಾಯದ ರೋಗವೆಂದುಕೊಂಡಿದ್ದ ಕಡೆ ಟಿ ಕೋಶಗಳೇ ಬಹುಸಂಖ್ಯಾತವಾಗಿ ಕಂಡಿದ್ದು ಆ ಹೊತ್ತಿಗೆ ದೊಡ್ಡ ಅಚ್ಚರಿ.

ಸಂಖ್ಯೆಯಲ್ಲಿ ಹೆಚ್ಚಿರುವುದು ಬೇರೆ, ರೋಗಕ್ಕೆ ಹೊಣೆಯಾಗಿರುವುದು ಬೇರೆ. ಹೊಣೆಯನ್ನು ಪರೀಕ್ಷಿಸಲು ಲಾಸ್ ಏಂಜಲಿಸ್‌ನಲ್ಲಿ ಹೆರಾಲ್ಡ್ ಪಾಲಸ್‌ನ ತಂಡ 1970ರ ದಶಕದಲ್ಲಿ ಕೈಗೊಂಡ ಚಿಕಿತ್ಸೆ ಈಗ ಓದಿದರೂ ರೋಗಿಗಳ ಸಹನೆಯ ಬಗ್ಗೆ ಗೌರವ ಮೂಡಿಸುತ್ತದೆ. ಕರುಳು ಮತ್ತು ದೇಹದ ಬಹುಭಾಗದಿಂದ ದುಗ್ಧರಸ ಎಂಬ ತಿಳಿದ್ರವವನ್ನು, ಅದರೊಂದಿಗೆ ಲಿಂಫೋಸೈಟ್‌ಗಳನ್ನು, ರಕ್ತಕ್ಕೆ ಮರಳಿಸುವ ನಾಳವೊಂದು ಎದೆಯೊಳಗಿಂದ ಕುತ್ತಿಗೆಯ ಬುಡಕ್ಕೆ ಬರುತ್ತದೆ. ಆ ನಾಳಕ್ಕೆ ಕೊಳವೆ ಸೇರಿಸಿ, ದ್ರವವನ್ನು ವಾರಗಟ್ಟಲೆ ಹೊರಗೆ ಹರಿಸಿ, ಕೋಶಗಳನ್ನು ತೆಗೆದು, ಉಳಿದ ದ್ರವವನ್ನು ಮತ್ತೆ ರೋಗಿಗೇ ಕೊಡಲಾಯಿತು. ಲಿಂಫೋಸೈಟ್‌ಗಳು ಕಡಿಮೆಯಾಗುತ್ತ ಬಂದಂತೆ ಕೀಲಿನ ಬಾವು ಇಳಿಯಿತು. ತೆಗೆದಿಟ್ಟ ಜೀವಂತ ಕೋಶಗಳನ್ನು ಮರಳಿ ಕೊಟ್ಟಾಗ ರೋಗ ಮತ್ತೆ ಕೆರಳಿತು. ಚಿಕಿತ್ಸೆಯಾಗಿ ಇದು ಬಳಕೆಗೆ ಬರುವಂಥದ್ದಾಗಿರಲಿಲ್ಲ. ಸಾಕ್ಷ್ಯವಾಗಿ ಮಾತ್ರ ಇದಕ್ಕಿಂತ ನೇರವಾದದ್ದು ಆ ದಶಕದಲ್ಲಿ ಇನ್ನೊಂದಿಲ್ಲ. ಇದರ ಬೆನ್ನಿಗೇ ಡಲ್ಲಾಸಿನ ಪೀಟರ್ ಸ್ಟಾಸ್ನಿ, ಎಚ್‌ಎಲ್‌ಎ ಎಂಬ ಗುರುತು-ಪ್ರೋಟೀನುಗಳ ಪೈಕಿ ಡಿಆರ್4 ಎಂಬ ಮಾದರಿ ಸಂಧಿವಾತ ರೋಗಿಗಳಲ್ಲಿ ಇತರರಿಗಿಂತ ಹೆಚ್ಚಾಗಿರುವುದನ್ನು 1978ರಲ್ಲಿ ತೋರಿಸಿದನು. ಈ ಪ್ರೋಟೀನುಗಳ ಕೆಲಸವೇ ವಸ್ತುಗಳ ತುಣುಕುಗಳನ್ನು ಟಿ ಕೋಶಗಳಿಗೆ ಎತ್ತಿ ತೋರಿಸುವುದು. ಹಾಗಾಗಿ ಅನುವಂಶೀಯತೆಯ ಬೆರಳೂ ಟಿ ಕೋಶದ ಕಡೆಗೇ ಚಾಚಿತು.

ಆದರೆ ಟಿ ಕೋಶವಾಗಲಿ ಬಿ ಕೋಶವಾಗಲಿ ತಾನಾಗಿ ಮೃದ್ವಸ್ಥಿಯನ್ನು ಕರಗಿಸಲಾರದು. ಕರಗಿಸುವವರು ಯಾರೆಂಬ ಪ್ರಶ್ನೆಗೆ ಉತ್ತರ ಬಾಸ್ಟನ್ನಿನಲ್ಲಿ ಸಿಕ್ಕಿತು. ರೋಗಗ್ರಸ್ತ ಪೊರೆಯ ತುಣುಕುಗಳು ಗಾಜಿನ ತಟ್ಟೆಯಲ್ಲಿ ಕೊಲ್ಯಾಜಿನೇಸ್ ಎಂಬ, ಮೃದ್ವಸ್ಥಿಯ ಎಳೆಗಳನ್ನು ಕತ್ತರಿಸುವ ಕಿಣ್ವವನ್ನು ಒಸರುತ್ತವೆ ಎಂದು ಸ್ಟೀಫನ್ ಕ್ರೇನ್‌ನ ತಂಡ 1967ರಲ್ಲಿ ಕಂಡಿತ್ತು. ಹತ್ತು ವರ್ಷಗಳ ನಂತರ ಜಾನ್-ಮಿಷೆಲ್ ಡೇಯರ್ ಅದೇ ಪ್ರಯೋಗಶಾಲೆಯಲ್ಲಿ, ಪೊರೆಯ ನಾರುಕೋಶಗಳನ್ನು ಬೇರೆಯಾಗಿ ಬೆಳೆಸಿದರೆ ಅವು ಕ್ರಮೇಣ ಸುಮ್ಮನಾಗುತ್ತವೆ, ರಕ್ತದ ಬಿಳಿ ಕೋಶಗಳು ಬಿಡುಗಡೆ ಮಾಡಿದ ದ್ರವವನ್ನು ಹನಿಸಿದರೆ ಮತ್ತೆ ಭಾರಿ ಪ್ರಮಾಣದಲ್ಲಿ ಕಿಣ್ವ ಒಸರುತ್ತವೆ ಎಂದು ತೋರಿಸಿದನು. ಕೋಶಕ್ಕೆ ಕೋಶ ಮುಟ್ಟದೆಯೇ, ನಡುವಿನ ದ್ರವದ ಮೂಲಕ ಅಪ್ಪಣೆ ರವಾನೆಯಾಗುತ್ತಿತ್ತು. ಇಂಥ ಸಂದೇಶವಾಹಕ ಪ್ರೋಟೀನುಗಳಿಗೆ ಸೈಟೋಕೈನ್‌ಗಳೆಂದು ಹೆಸರು. ಡೇಯರ್ ಕಂಡದ್ದರಲ್ಲಿ ಪ್ರಮುಖವಾದುದು ಮುಂದೆ ಇಂಟರ್‌ಲ್ಯೂಕಿನ್-1 ಎಂದು ಗುರುತಿಸಲ್ಪಟ್ಟಿತು. ಎಲುಬನ್ನು ಕೊರೆಯುವ ಕೋಶ ಯಾವುದೆಂಬುದು ಇನ್ನೂ ತಡವಾಗಿ, 1998ರ ಸುಮಾರಿಗೆ, ಸ್ಪಷ್ಟವಾಯಿತು: ಅದು ಆಸ್ಟಿಯೋಕ್ಲಾಸ್ಟ್, ಭಕ್ಷಕ ಕೋಶಗಳ ವಂಶದಲ್ಲೇ ಹುಟ್ಟಿ, ಉರಿಯೂತದ ಸಂದೇಶಗಳಿಗೆ ಓಗೊಟ್ಟು ಎಲುಬನ್ನು ಕರಗಿಸುವ ಕೋಶ.

ಸಂದೇಶಗಳ ಹುಡುಕಾಟ ಬಿರುಸಾದಂತೆ ಟಿ ಕೋಶದ ಪಟ್ಟ ಅಲುಗಾಡಿತು. ಪೊರೆಯಲ್ಲಿ ಟಿ ಕೋಶಗಳು ತುಂಬಿದ್ದರೂ ಅವು ಹೊರಡಿಸಬೇಕಾದ ಸಂದೇಶಗಳು ಅಲ್ಲಿ ತೀರ ಕಡಿಮೆಯಿದ್ದು, ಮ್ಯಾಕ್ರೊಫೇಜ್‌ಗಳ, ಅಂದರೆ ಅಂಗಾಂಶಗಳಲ್ಲಿ ನೆಲೆಸುವ ದೊಡ್ಡ ಭಕ್ಷಕ ಕೋಶಗಳ, ಸಂದೇಶಗಳೇ ತುಂಬಿ ತುಳುಕುತ್ತಿದ್ದವು. ಗ್ಯಾರಿ ಫೈರ್‌ಸ್ಟೀನ್ ಮತ್ತು ನೇಥನ್ ಝ್ವೈಫ್ಲರ್ 1990ರಲ್ಲಿ, ಹಳೆಯದಾದ ಸಂಧಿವಾತದಲ್ಲಿ ಟಿ ಕೋಶಗಳಿಗೆ ನಿಜಕ್ಕೂ ಎಷ್ಟು ಮಹತ್ವವಿದೆ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿದರು. ಅದೇ ದಶಕದಲ್ಲಿ, ಆಜ್ಞೆ ಕೊಡುವ ಟಿ ಕೋಶಗಳನ್ನು ನಾಶಮಾಡುವ ಪ್ರತಿಕಾಯಗಳನ್ನು ಮದ್ದಾಗಿ ಕೊಟ್ಟು ನೋಡಿದ ನಿಯಂತ್ರಿತ ಪರೀಕ್ಷೆಗಳು ವಿಫಲವಾದವು. ರಕ್ತದಲ್ಲಿ ಆ ಕೋಶಗಳು ಗಣನೀಯವಾಗಿ ಇಳಿದರೂ ಕೀಲು ಇಳಿಯಲಿಲ್ಲ. ಲಾಸ್ ಏಂಜಲಿಸ್‌ನ ಸಾಕ್ಷ್ಯವನ್ನು ನೆನೆದವರಿಗೆ ಇದು ಗೊಂದಲವೇ ಆಗಿತ್ತು.

ಈ ಗೊಂದಲದ ನಡುವೆ ಅತ್ಯಂತ ದೊಡ್ಡ ತಿರುವು ಬಂದದ್ದು ಪಶ್ಚಿಮ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ, ಚೇರಿಂಗ್ ಕ್ರಾಸ್ ಆಸ್ಪತ್ರೆ ಮತ್ತು ಅದರ ನೆರೆಯ ಕೆನಡಿ ಸಂಸ್ಥೆಯ ಕೂಡುಕೆಲಸದಿಂದ. ಮಾರ್ಕ್ ಫೆಲ್ಡ್‌ಮನ್ ಆಸ್ಟ್ರೇಲಿಯಾದಲ್ಲಿ ಪಳಗಿದ ರೋಗನಿರೋಧಶಾಸ್ತ್ರಜ್ಞ. ರವೀಂದರ್ ಮೈನಿ ಲೂಧಿಯಾನದಲ್ಲಿ ಹುಟ್ಟಿ, ಬ್ರಿಟನ್ನಿನಲ್ಲಿ ಓದಿ, ರೋಗಿಗಳ ನಡುವೆ ಬದುಕು ಕಳೆದ ಕೀಲುರೋಗ ತಜ್ಞ. ಫೆಲ್ಡ್‌ಮನ್ ಮೊದಲು ಥೈರಾಯ್ಡ್ ಗ್ರಂಥಿಯ ಸ್ವಯಂನಿರೋಧಕ ರೋಗದ ಬಗ್ಗೆ, ಅಂದರೆ ದೇಹವು ತನ್ನ ಅಂಗದ ಮೇಲೆ ತಾನೇ ಎರಗುವ ರೋಗದ ಬಗ್ಗೆ, ಕೆಲಸ ಮಾಡಿದ್ದನು. ಸಂಧಿವಾತದ ಕಡೆ ಬರಲು ಒಂದು ಮುಖ್ಯ ಕಾರಣ ಸಿದ್ಧಾಂತದ್ದಲ್ಲ. ರೋಗ ಉರಿಯುತ್ತಿರುವ ಅಂಗಾಂಶ ಇಲ್ಲಿ ಕೈಗೆ ಸಿಗುತ್ತಿತ್ತು ಎಂಬುದು. ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆ ಹೊತ್ತಿಗೆ ಸಾಮಾನ್ಯವಾಗಿತ್ತು, ಮತ್ತು ಕತ್ತರಿಸಿ ತೆಗೆದ ಪೊರೆ ಇಲ್ಲದಿದ್ದರೆ ಸುಟ್ಟುಹೋಗುತ್ತಿತ್ತು. ಆ ಪೊರೆಯನ್ನು ಸಣ್ಣಗೆ ಹೆಚ್ಚಿ, ಕಿಣ್ವಗಳಲ್ಲಿ ನೆನೆಸಿ, ಕೋಶಗಳನ್ನು ಬಿಡಿಬಿಡಿಯಾಗಿಸಿ, ಯಾವ ಪ್ರಚೋದನೆಯನ್ನೂ ಕೊಡದೆ ತಟ್ಟೆಯಲ್ಲಿಟ್ಟಾಗ, ಮ್ಯಾಕ್ರೊಫೇಜ್, ಲಿಂಫೋಸೈಟ್, ನಾರುಕೋಶಗಳೆಲ್ಲ ಬೆರೆತ ಆ ಸಮೂಹ ಹಲವು ದಿನಗಳವರೆಗೆ ತಾನಾಗಿಯೇ ಸೈಟೋಕೈನ್‌ಗಳನ್ನು ಒಸರುತ್ತಿತ್ತು. ದೇಹದಿಂದ ಹೊರಬಂದ ಮೇಲೂ ಉರಿಯೂತ ತಟ್ಟೆಯಲ್ಲಿ ಮುಂದುವರಿಯುತ್ತಿತ್ತು.

ತಟ್ಟೆಯಲ್ಲಿ ಸಿಕ್ಕ ಸೈಟೋಕೈನ್‌ಗಳು ಒಂದೆರಡಲ್ಲ. ಇಷ್ಟೊಂದು ಇರುವಾಗ ಒಂದನ್ನು ತಡೆದರೆ ಉಳಿದವು ಅದರ ಕೆಲಸ ಮಾಡಿಯೇ ಮಾಡುತ್ತವೆ, ಆದ್ದರಿಂದ ತಡೆದು ಪ್ರಯೋಜನವಿಲ್ಲ ಎಂಬುದು ಬಹುತೇಕ ತಜ್ಞರ ಅಭಿಪ್ರಾಯವಾಗಿತ್ತು. ಫಿಯೊನ್ಯುಲಾ ಬ್ರೆನ್ನನ್ ಮತ್ತು ಸಂಗಡಿಗರು ತಟ್ಟೆಗೆ ಟಿಎನ್‌ಎಫ್ ಎಂಬ ಒಂದು ಸೈಟೋಕೈನನ್ನು ಮಾತ್ರ ಹಿಡಿದುಹಾಕುವ ಪ್ರತಿಕಾಯವನ್ನು ಸೇರಿಸಿದರು. ಗೆಡ್ಡೆಗಳನ್ನು ಕೊಲ್ಲಬಲ್ಲದೆಂದು 1975ರಲ್ಲಿ ನ್ಯೂಯಾರ್ಕಿನಲ್ಲಿ ಗುರುತಿಸಲಾಗಿದ್ದ ಈ ಪ್ರೋಟೀನನ್ನು ಕೀಲಿನಲ್ಲಿ ಮುಖ್ಯವಾಗಿ ತಯಾರಿಸುವುದು ಮ್ಯಾಕ್ರೊಫೇಜ್‌ಗಳು. ಅದನ್ನು ತಡೆದಾಗ ಇಂಟರ್‌ಲ್ಯೂಕಿನ್-1 ಕೂಡ ಇಳಿದುಹೋಯಿತು. ವಯಸ್ಸಿನ ಸವೆತದ ಸಂಧಿವಾತದ ಪೊರೆಯಲ್ಲಿ ಹಾಗಾಗಲಿಲ್ಲ. 1989ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ದೊಡ್ಡದು. ಸಂದೇಶಗಳ ಆ ಗದ್ದಲದಲ್ಲಿ ಮೇಲು ಕೆಳಗೆಂಬ ಕ್ರಮವಿತ್ತು, ಮತ್ತು ಮೇಲಿರುವ ಒಂದನ್ನು ಹಿಡಿದರೆ ಕೆಳಗಿನವು ತಾವಾಗಿ ತಗ್ಗುತ್ತಿದ್ದವು.

ಅಂಥ ಪ್ರತಿಕಾಯವೊಂದು ಅದಾಗಲೇ ತಯಾರಾಗಿತ್ತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಯಾನ್ ವಿಲ್ಚೆಕ್ ಮತ್ತು ಜುನ್‌ಮಿಂಗ್ ಲೆ ಇಲಿಗಳಲ್ಲಿ ಮೂಡಿಸಿದ್ದನ್ನು ಸೆಂಟೊಕಾರ್ ಎಂಬ ಕಂಪನಿ ಭಾಗಶಃ ಮಾನವರೂಪಕ್ಕೆ ತಂದು, ರಕ್ತದಲ್ಲಿ ಹರಡುವ ತೀವ್ರ ಸೋಂಕಿನ ಚಿಕಿತ್ಸೆಗೆಂದು ಬೆಳೆಸುತ್ತಿತ್ತು. ಮುಂದೆ ಇದಕ್ಕೆ ಇನ್‌ಫ್ಲಿಕ್ಸಿಮ್ಯಾಬ್ ಎಂದು ಹೆಸರಾಯಿತು. ಲಭ್ಯವಿದ್ದ ಮದ್ದುಗಳೆಲ್ಲ ಸೋತಿದ್ದ 20 ರೋಗಿಗಳಿಗೆ 1992ರಿಂದ ಚೇರಿಂಗ್ ಕ್ರಾಸ್‌ನಲ್ಲಿ ಇದನ್ನು ಕೊಡಲಾಯಿತು. ವರ್ಷಗಟ್ಟಲೆ ಬೆಳಗಿನ ಬಿಗಿತದಿಂದ ತಾಸುಗಟ್ಟಲೆ ಕೈ ಮಡಚಲಾಗದಿದ್ದವರಿಗೆ ದಿನಗಳಲ್ಲೇ ಹಗುರವಾಯಿತು. ಮದ್ದಿನ ಪರಿಣಾಮ ಇಳಿದಾಗ ರೋಗ ಮರಳಿತು, ಮತ್ತೆ ಕೊಟ್ಟಾಗ ಮತ್ತೆ ತಗ್ಗಿತು. ನಂತರ 73 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ ನಡೆಸಿ 1994ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನಾಲ್ಕನೆಯ ವಾರಕ್ಕೆ ಹುಸಿಮದ್ದು ಪಡೆದವರಲ್ಲಿ ಶೇ. 8 ಮಂದಿಗೆ, ಕಡಿಮೆ ಪ್ರಮಾಣದ ಮದ್ದು ಪಡೆದವರಲ್ಲಿ ಶೇ. 44 ಮಂದಿಗೆ, ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಶೇ. 79 ಮಂದಿಗೆ ಗುಣ ಕಂಡಿತು. ಮ್ಯಾಕ್ರೊಫೇಜ್ ಹೊರಡಿಸುವ ಒಂದು ಸಂದೇಶದ ಮೇಲೆ ಇಡೀ ಉರಿಯೂತ ನಿಂತಿದೆ ಎಂಬುದಕ್ಕೆ ರೋಗಿಗಳ ಮೈಯೇ ಪುರಾವೆ ಕೊಟ್ಟಿತು. ಡಬ್ಲಿನ್ ಮತ್ತು ಆಮ್‌ಸ್ಟರ್‌ಡ್ಯಾಮ್‌ಗಳ ತಂಡಗಳು ಮುಂದೆ ಪೊರೆಯ ತುಣುಕುಗಳಲ್ಲಿ ಕೋಶಗಳನ್ನು ಎಣಿಸಿ, ಮ್ಯಾಕ್ರೊಫೇಜ್‌ಗಳ ಸಂಖ್ಯೆಗೂ ಕೀಲಿನ ಹಾನಿಗೂ ನಂಟಿದೆ, ಯಾವ ಮದ್ದಿನಿಂದ ಗುಣವಾದರೂ ಆ ಸಂಖ್ಯೆ ಇಳಿಯುತ್ತದೆ ಎಂದು ತೋರಿಸಿದವು.

ಟಿಎನ್‌ಎಫ್ ಅನ್ನು ತಡೆದದ್ದಕ್ಕೆ ತೆತ್ತ ಬೆಲೆಯೂ ಅದೇ ಕೋಶಗಳ ಬಗ್ಗೆ ಪಾಠ ಕಲಿಸಿತು. ಈ ಮದ್ದು ಪಡೆದವರಲ್ಲಿ ಹಳೆಯ ಕ್ಷಯ ಮರುಕಳಿಸಿದ 70 ಪ್ರಕರಣಗಳು 2001ರಲ್ಲಿ ವರದಿಯಾದವು. ಕ್ಷಯದ ಬ್ಯಾಕ್ಟೀರಿಯಾಗಳನ್ನು ಶ್ವಾಸಕೋಶದಲ್ಲಿ ಸುತ್ತುವರಿದು ಕೂಡಿಹಾಕುವ ಮ್ಯಾಕ್ರೊಫೇಜ್‌ಗಳ ಗೋಡೆ ನಿಲ್ಲುವುದಕ್ಕೂ ಟಿಎನ್‌ಎಫ್ ಬೇಕು. ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಇಂಥ ಮದ್ದು ಆರಂಭಿಸುವ ಮುನ್ನ ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ ಮಾಡಿಸುವ ಶಿಸ್ತು ಬಂದದ್ದು ಈ ಕಾರಣದಿಂದ. ಬೆಲೆಯ ಮಾತು ಬಂದಾಗ ಇನ್ನೊಂದು ಮದ್ದನ್ನು ನೆನೆಯದಿರಲಾಗದು. ಕರ್ನಾಟಕದಲ್ಲಾಗಲಿ ಬೇರೆಡೆಯಾಗಲಿ ಸಂಧಿವಾತದ ರೋಗಿಗೆ ವೈದ್ಯರು ಇಂದಿಗೂ ಮೊದಲು ಬರೆದುಕೊಡುವ, ವಾರಕ್ಕೊಮ್ಮೆ ನುಂಗುವ ಅಗ್ಗದ ಮೆಥೊಟ್ರೆಕ್ಸೇಟ್ ಗುಳಿಗೆ, ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ತಯಾರಾದ, ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಮದ್ದುಗಳ ಗುಂಪಿಗೆ ಸೇರಿದ್ದು. ಆ ಗುಂಪಿನ ಮದ್ದು ಸಂಧಿವಾತದಲ್ಲಿ ಫಲಕಾರಿ ಎಂದು 1951ರಲ್ಲೇ ವರದಿಯಾಗಿದ್ದರೂ, ಕಾರ್ಟಿಸೋನ್‌ನ ಸಂಭ್ರಮದಲ್ಲಿ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅಮೆರಿಕದಲ್ಲಿ ಈ ರೋಗಕ್ಕೆ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ.

ಬದಿಗೆ ಸರಿಸಿದ್ದ ಬಿ ಕೋಶ ಮತ್ತು ಟಿ ಕೋಶಗಳು ಹೊಸ ಶತಮಾನದಲ್ಲಿ ಮತ್ತೆ ನಡುವಿಗೆ ಬಂದವು. ಲಂಡನ್ನಿನ ಜೊನಾಥನ್ ಎಡ್ವರ್ಡ್ಸ್ ಮತ್ತು ಜೆರಾಲ್ಡಿನ್ ಕೇಂಬ್ರಿಜ್, ವಾಲರ್ ಕಂಡ ಪ್ರತಿಕಾಯವನ್ನು ತಯಾರಿಸುವ ಬಿ ಕೋಶಗಳು ಆ ಪ್ರತಿಕಾಯದ ನೆರವಿನಿಂದಲೇ ತಮ್ಮನ್ನು ತಾವು ಉಳಿಸಿಕೊಳ್ಳುತ್ತವೆ, ಆದ್ದರಿಂದ ಒಮ್ಮೆ ಅವುಗಳನ್ನು ತೊಡೆದುಹಾಕಿದರೆ ಆ ಚಕ್ರ ಮುರಿಯಬಹುದು ಎಂದು ವಾದಿಸಿದರು. ಬಿ ಕೋಶಗಳ ಕ್ಯಾನ್ಸರಿಗಾಗಿ ಬಳಕೆಯಲ್ಲಿದ್ದ ರಿಟುಕ್ಸಿಮ್ಯಾಬ್ ಅನ್ನು ಐವರು ರೋಗಿಗಳಿಗೆ ಕೊಟ್ಟು 2001ರಲ್ಲಿ ಫಲ ಪ್ರಕಟಿಸಿದರು. 161 ರೋಗಿಗಳ ದೊಡ್ಡ ಪರೀಕ್ಷೆ 2004ರಲ್ಲಿ ಅದನ್ನು ದೃಢಪಡಿಸಿತು. ಟಿ ಕೋಶಕ್ಕೆ ಎರಡನೆಯ ಅಪ್ಪಣೆ ತಲುಪದಂತೆ ತಡೆಯುವ ಅಬಾಟಸೆಪ್ಟ್ ಎಂಬ ಮದ್ದು 2005ರಲ್ಲಿ ಒಪ್ಪಿಗೆ ಪಡೆಯಿತು, ಮತ್ತು ಟಿ ಕೋಶಗಳನ್ನು ಕೊಂದಾಗ ಸಿಗದ ಫಲ ಅವುಗಳ ಮಾತನ್ನು ತಡೆದಾಗ ಸಿಕ್ಕಿತು. ಹಿಂದಿನ ದಶಕದ ಜಗಳದಲ್ಲಿ ಎರಡೂ ಪಕ್ಷಗಳು ತಪ್ಪು ಪ್ರಶ್ನೆಯನ್ನು ಕೇಳುತ್ತಿದ್ದವೆಂದೇ ಹೇಳಬೇಕು. ದೋಷಿ ಕೋಶ ಯಾವುದೆಂದು ಹುಡುಕುತ್ತಿದ್ದವರು, ಯಾವ ಕೋಶ ಯಾವ ಹಂತದಲ್ಲಿ ಮಾತನಾಡುತ್ತದೆ ಎಂದು ಕೇಳಬೇಕಿತ್ತು.

ಹಂತಗಳ ಈ ಅರಿವಿಗೆ ಗಟ್ಟಿ ನೆಲೆ ಕೊಟ್ಟದ್ದು ನೆದರ್‌ಲ್ಯಾಂಡ್ಸ್ ಮತ್ತು ಸ್ವೀಡನ್ನಿನ ಕೆಲಸ. ಅರ್ಜಿನಿನ್ ಎಂಬ ಅಮೈನೊ ಆಮ್ಲ ಕಿಣ್ವವೊಂದರಿಂದ ಸಿಟ್ರುಲಿನ್ ಆಗಿ ಮಾರ್ಪಟ್ಟ ಪ್ರೋಟೀನುಗಳ ವಿರುದ್ಧ ಈ ರೋಗಿಗಳಲ್ಲಿ ವಿಶಿಷ್ಟ ಪ್ರತಿಕಾಯಗಳಿವೆ ಎಂದು ವ್ಯಾನ್ ವೆನ್‌ರೊಯ್‌ನ ಡಚ್ ತಂಡ 1998ರಲ್ಲಿ ತೋರಿಸಿತು. ಇಂದಿನ ‘ಆಂಟಿ-ಸಿಸಿಪಿ’ ಪರೀಕ್ಷೆ ಅದರ ಫಲ. ನಂತರ, ರಕ್ತನಿಧಿಗಳಲ್ಲಿ ಶೈತ್ಯದಲ್ಲಿಟ್ಟಿದ್ದ ಹಳೆಯ ಮಾದರಿಗಳನ್ನು ತೆರೆದು, ಮುಂದೆ ರೋಗಿಗಳಾದ ರಕ್ತದಾನಿಗಳ ರಕ್ತವನ್ನು ಪರೀಕ್ಷಿಸಿದಾಗ, ಮೊದಲ ನೋವಿಗೆ ವರ್ಷಗಳ ಮುಂಚೆಯೇ ಆ ಪ್ರತಿಕಾಯಗಳು ಅಲ್ಲಿದ್ದವು. ಟಿ ಮತ್ತು ಬಿ ಕೋಶಗಳ ತಪ್ಪುಹೆಜ್ಜೆ ಕೀಲಿನಲ್ಲಲ್ಲ, ಬೇರೆಲ್ಲೋ, ಬಹುಶಃ ಧೂಮಪಾನದಿಂದ ಕೆರಳಿದ ಶ್ವಾಸಕೋಶದಲ್ಲಿ ಅಥವಾ ಒಸಡಿನಲ್ಲಿ, ಮೊದಲಾಗುತ್ತದೆ ಎಂಬ ಅನುಮಾನ ಬಲವಾಯಿತು. ಬಿಲ್ಲಿಂಗ್ಸ್‌ನ ಕಾಲದಲ್ಲಿ ಹಲ್ಲು ಕಿತ್ತದ್ದು ತಪ್ಪೇ. ಆದರೂ ಬಾಯಿಯ ಮೇಲಿನ ಸಂಶಯ ಬೇರೆಯೇ ಆಧಾರದ ಮೇಲೆ ಮರಳಿರುವುದನ್ನು ಚರಿತ್ರೆ ದಾಖಲಿಸಬೇಕಾಗುತ್ತದೆ. ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ, ಈ ಪ್ರತಿಕಾಯಗಳೂ ಕೀಲುನೋವೂ ಇದ್ದು ಊತವಿನ್ನೂ ಕಾಣದ 213 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷ ಅಬಾಟಸೆಪ್ಟ್ ಕೊಟ್ಟ ಪರೀಕ್ಷೆಯ ಫಲ 2024ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಮದ್ದು ಪಡೆದವರಲ್ಲಿ ಶೇ. 6, ಪಡೆಯದವರಲ್ಲಿ ಶೇ. 29 ಮಂದಿಗೆ ರೋಗ ಕಾಣಿಸಿಕೊಂಡಿತ್ತು. ಮದ್ದು ನಿಲ್ಲಿಸಿದ ಬಳಿಕ ಆ ಅಂತರ ಕ್ರಮೇಣ ಕಿರಿದಾಯಿತು.

ಬಂದ ಕೋಶಗಳು ಏಕೆ ಹಿಂದಿರುಗುವುದಿಲ್ಲ ಎಂಬ ಎರಡನೆಯ ಪ್ರಶ್ನೆ ಈಗ ಪೊರೆಯ ಸ್ಥಳೀಯ ಕೋಶಗಳ ಕಡೆ ನೋಡುವಂತೆ ಮಾಡಿದೆ. ಜರ್ಮನಿಯ ಎರ್ಲಾಂಗೆನ್‌ನ ತಂಡ 2019ರಲ್ಲಿ, ಕೀಲುಪೊರೆಯ ಮೇಲ್ಪದರದ ಕೆಲವು ಮ್ಯಾಕ್ರೊಫೇಜ್‌ಗಳು ರಕ್ತದಿಂದ ಬಂದವಲ್ಲ, ಅಲ್ಲೇ ಹುಟ್ಟಿ ಬೆಳೆಯುವಂಥವು, ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ಕೀಲಿಗೆ ರಕ್ಷಣೆಯ ತಡೆಯಾಗಿ ನಿಲ್ಲುತ್ತವೆ ಎಂದು ಇಲಿಗಳಲ್ಲಿ ತೋರಿಸಿತು. ಉರಿಯೂತದಲ್ಲಿ ಒಡೆಯುವುದು ಈ ಹೆಣಿಗೆ. ಮುಂದಿನ ವರ್ಷ ಗ್ಲಾಸ್ಗೊ ಮತ್ತು ರೋಮ್‌ನ ಸಂಶೋಧಕರು ಒಂದೊಂದು ಕೋಶದ ವಂಶವಾಹಿ ಚಟುವಟಿಕೆಯನ್ನೂ ಬೇರೆಬೇರೆಯಾಗಿ ಓದುವ ತಂತ್ರದಿಂದ, ಅಲ್ಟ್ರಾಸೌಂಡ್ ನೋಡುತ್ತ ಸೂಜಿಯಲ್ಲಿ ತೆಗೆದ ಪೊರೆಯ ತುಣುಕುಗಳನ್ನು ಪರಿಶೀಲಿಸಿ, ರೋಗ ತಗ್ಗಿದವರ ಪೊರೆಯಲ್ಲಿ ಉರಿಯೂತವನ್ನು ಶಮನಗೊಳಿಸುವ ಒಂದು ಬಗೆಯ ಮ್ಯಾಕ್ರೊಫೇಜ್ ಹೆಚ್ಚಿರುವುದನ್ನು ಕಂಡರು. ಮದ್ದು ನಿಲ್ಲಿಸಿದ ಬಳಿಕ ಯಾರ ರೋಗ ಮರುಕಳಿಸೀತು, ಯಾರದು ಸುಮ್ಮನಿದ್ದೀತು ಎಂಬುದಕ್ಕೂ ಈ ಕೋಶಗಳ ಪಾಲಿಗೂ ಸಂಬಂಧವಿತ್ತು. ಮೂರು ದಶಕಗಳ ಹಿಂದೆ ಹ್ಯಾಮರ್‌ಸ್ಮಿತ್‌ನಲ್ಲಿ ಉರಿಯೂತದ ಮುಖ್ಯ ಮೂಲವೆಂದು ತೋರಿದ ಮ್ಯಾಕ್ರೊಫೇಜ್‌ನ ಬಳಗದಲ್ಲೇ ಅದನ್ನು ಆರಿಸುವ ಕೋಶಗಳೂ ಇವೆ ಎಂದು ತಿಳಿದ ಮೇಲೆ, ಸಂಶೋಧಕರು ಈಗ ಎಲ್ಲ ಮ್ಯಾಕ್ರೊಫೇಜ್‌ಗಳನ್ನೂ ಅಡಗಿಸುವ ಬದಲು, ಈ ಶಮನಕಾರಿ ಕೋಶಗಳನ್ನು ಪೊರೆಯಲ್ಲಿ ಉಳಿಸಿ ಬೆಳೆಸುವ ಮದ್ದುಗಳನ್ನು ಹುಡುಕುತ್ತಿದ್ದಾರೆ.